ಕಟ್ಟೆ ಬಿಟ್ಟ ನಾಗ

ಹೊನ್ನಾವರದಿಂದ ಭಟ್ಕಳಕ್ಕೆ ಹೋಗುವ ಬಸ್ಸಿನಲ್ಲಿ ಕೂತಿದ್ದೆ. ಮುರ್ಡೇಶ್ವರದ ತಿರುವು ದಾಟಿತು. ಸ್ವಲ್ಪ ಹೊತ್ತಿಗೆ ಕಂಡಕ್ಟರು "ಶಿರಾಲಿ, ಶಿರಾಲಿ ಇಳಿರಿ" ಅಂತ ಕೂಗಿದರು. ನನ್ನ ಟಿಕೆಟ್ ಇದ್ದದ್ದು ಭಟ್ಕಳಕ್ಕೆ. ಆದರೂ ಯಾಕೋ ಎದ್ದು ಇಳಿದುಬಿಟ್ಟೆ.

ಇಳಿಯಲು ಕಾರಣ ಇಲ್ಲದೆ ಇರಲಿಲ್ಲ. ಅದು 2025ರ ಜನವರಿ ಕೊನೆ. ಅನಂತನಾಗ್ ಅವರಿಗೆ ಪದ್ಮಭೂಷಣ ಬಂದ ಸುದ್ದಿ ಪೇಪರಿನಲ್ಲಿ ಬಂದು ಎರಡು ದಿನ ಆಗಿತ್ತು. ಎದುರು ಸೀಟಿನವರು ಆ ಹಳೇ ಪೇಪರನ್ನೇ ಮಡಚಿ ಬೀಸಣಿಗೆ ಮಾಡಿಕೊಂಡು ಗಾಳಿ ಹಾಕಿಕೊಳ್ಳುತ್ತಿದ್ದರು. ಫೋಟೋದಲ್ಲಿದ್ದ ಅನಂತನಾಗ್ ಮುಖ ನನ್ನ ಕಡೆ ಬರುತ್ತಿತ್ತು, ಹೋಗುತ್ತಿತ್ತು. ಅಷ್ಟರಲ್ಲಿ ಶಿರಾಲಿ ಬಂತು.

ಶಿರಾಲಿಯಲ್ಲಿ ಚಿತ್ರಾಪುರ ಮಠ ಇದೆ. ಸಾರಸ್ವತರ ಮಠ. ಹುಡುಗ ಅನಂತ ಸ್ವಲ್ಪ ಕಾಲ ಇದ್ದದ್ದು, ಓದಿದ್ದು ಇಲ್ಲಿ. ಹುಟ್ಟಿದ್ದು ಮಾತ್ರ ಮುಂಬೈಯಲ್ಲಿ, 1948ರ ಸೆಪ್ಟೆಂಬರ್ 4ಕ್ಕೆ. ಮನೆತನದ ಹೆಸರು ನಾಗರಕಟ್ಟೆ. ಅನಂತ ನಾಗರಕಟ್ಟೆ. ಸಿನಿಮಾಕ್ಕೆ ಹೋಗುವಾಗ ಕಟ್ಟೆ ಬಿದ್ದುಹೋಯಿತು, ನಾಗ ಉಳಿಯಿತು.

ನಾಗರಕಟ್ಟೆ ಅಂದರೆ ಗೊತ್ತಲ್ಲ? ನಮ್ಮ ಕಡೆ ಊರಿಗೆ ಒಂದಾದರೂ ಇರುತ್ತದೆ. ಅಶ್ವತ್ಥದ ಬುಡಕ್ಕೆ ಕಲ್ಲಿನ ಕಟ್ಟೆ, ಅದರ ಮೇಲೆ ನಾಲ್ಕೈದು ನಾಗರ ಕಲ್ಲು, ಅರಿಶಿನ ಒಣಗಿ ಹಳದಿ ಪುಡಿಯಾಗಿ ಉದುರಿರುತ್ತದೆ. ನಾಗರಪಂಚಮಿ ದಿನ ಹಾಲು. ಉಳಿದ ದಿನ ಆ ಕಲ್ಲುಗಳಿಗೆ ಒಂದು ಮಾರು ದೂರ ಬಿಟ್ಟು ಜನ ಕೂತು ಮಾತಾಡುತ್ತಾರೆ. ನಾಗನಿಗೆ ಅದು ದೇವಸ್ಥಾನ, ಊರವರಿಗೆ ಅದು ಪಂಚಾಯ್ತಿ. ನಾನು ಅವತ್ತು ಶಿರಾಲಿಯಲ್ಲಿ ಮಠದ ಕೆರೆ ಕಡೆ ಒಂದು ಸುತ್ತು ಹಾಕಿ, ಒಂದು ಅಂಗಡಿಯಲ್ಲಿ ಚಾ ಕುಡಿದು, "ನಾಗರಕಟ್ಟೆ ಮನೆ ಯಾವ ಕಡೆ?" ಅಂತ ಕೇಳಿದೆ. ಅಂಗಡಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾವ ನಾಗರಕಟ್ಟೆ?" ಅಂದರು. ಅನಂತನಾಗ್ ಅಂದೆ. "ಅವ್ರು ಬೆಂಗ್ಳೂರಲ್ಲಿರುದಲ್ಲಾ ಮಾರಾಯ್ರೆ" ಅಂದರು. ಸರಿಯಾದ ಉತ್ತರವೇ. ಚಾದ ದುಡ್ಡು ಕೊಟ್ಟು ಮುಂದಿನ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಕೂತು ಹೆಸರುಗಳದ್ದೇ ಯೋಚನೆ. ಈ ಸಾರಸ್ವತರ ಅಡ್ಡಹೆಸರು ನೋಡಿದರೆ ಕರಾವಳಿಯ ಬಸ್ ರೂಟ್ ಬೋರ್ಡ್ ಓದಿದ ಹಾಗೆ ಆಗುತ್ತದೆ. ಪಡುಕೋಣೆ ಕುಂದಾಪುರದ ಕಡೆಯ ಊರು, ಕಾರ್ನಾಡು ಮೂಲ್ಕಿ ಹತ್ತಿರ. ಚಂದಾವರ ನಮ್ಮ ಕುಮಟಾ–ಹೊನ್ನಾವರದ ನಡುವೆ. ಊರು ಬಿಟ್ಟು ಮುಂಬೈ, ಪುಣೆ, ಹೈದರಾಬಾದು ಸೇರಿದವರು ಊರಿನ ಹೆಸರನ್ನು ಕಟ್ಟಿಕೊಂಡೇ ಹೋದರು. ಕೆಲವರು ದಾರಿಯಲ್ಲಿ ಬಿಟ್ಟರು. ಗುರುದತ್ ಪಡುಕೋಣೆಯನ್ನು ಬಿಟ್ಟರು. ಶ್ಯಾಮ್ ಬೆನಗಲ್ ಇಟ್ಟುಕೊಂಡರು. ಗಿರೀಶ ಕಾರ್ನಾಡರ ಹೆಸರಿನಲ್ಲಿ ಮೂಲ್ಕಿ ಕಡೆಯ ಊರಿದೆ, ಬಾಲ್ಯ ಕಳೆದದ್ದು ನಮ್ಮ ಶಿರಸಿಯಲ್ಲಿ. ಅನಂತನಾಗ್ ಅರ್ಧ ಬಿಟ್ಟರು.

ಆದರೆ ಬಿಟ್ಟ ಆ ಅರ್ಧವೇ ಅವರ ನಟನೆಯಲ್ಲಿ ಬಂದು ಕೂತಿದೆ ಅಂತ ನನಗೆ ಬಹಳ ಕಾಲದಿಂದ ಅನಿಸುತ್ತದೆ. ಇದನ್ನು ನನಗೆ ಮೊದಲು ತೋರಿಸಿಕೊಟ್ಟದ್ದು ನಮ್ಮ ಅಜ್ಜ. ಅದೂ ಬೈಯುತ್ತ.

ನಮ್ಮ ಮನೆ ಶರಾವತಿಯ ದಂಡೆಯಿಂದ ಸ್ವಲ್ಪ ಒಳಗೆ. ಅಡಿಕೆ, ತೆಂಗು, ನಾಲ್ಕು ಕಾಳುಮೆಣಸಿನ ಬಳ್ಳಿ. ನಾನು ಮೂರನೇ ಕ್ಲಾಸಿಗೆ ಹೋಗುವಾಗ ಮನೆಗೆ ಕಪ್ಪು–ಬಿಳುಪು ಟಿವಿ ಬಂತು. ಆಂಟೆನಾ ಕಟ್ಟಿದ್ದು ಮನೆ ಹಿಂದಿನ ಅಡಿಕೆ ಮರಕ್ಕೆ. ಗಾಳಿ ಬಂದರೆ ಮರ ತೂಗುತ್ತಿತ್ತು, ಮರ ತೂಗಿದರೆ ದೂರದರ್ಶನವೂ ತೂಗುತ್ತಿತ್ತು. ಭಾನುವಾರ ಸಂಜೆ ನಾಲ್ಕಕ್ಕೆ ಕನ್ನಡ ಸಿನಿಮಾ. ಒಬ್ಬ ಹೊರಗೆ ನಿಂತು ಮರ ತಿರುಗಿಸುವ ಹಾಗೆ ಕೋಲು ತಿರುಗಿಸಬೇಕು, ಒಬ್ಬ ಒಳಗಿಂದ "ಬಂತು... ಹೋತು... ಹಾಂ, ಅಲ್ಲೇ ಇರ್ಲಿ" ಅಂತ ಕೂಗಬೇಕು. ಹೊರಗೆ ನಿಲ್ಲುವವನು ಯಾವಾಗಲೂ ನಾನೇ. ಹಾಗಾಗಿ ಎಷ್ಟೋ ಸಿನಿಮಾಗಳ ಮೊದಲ ಹತ್ತು ನಿಮಿಷ ನಾನು ಇವತ್ತಿಗೂ ನೋಡಿಲ್ಲ.

ಅಜ್ಜ ಆಟದ ಹುಚ್ಚಿನವನು. ಆಟ ಅಂದರೆ ಯಕ್ಷಗಾನ, ನಮ್ಮ ಕಡೆ ಬೇರೆ ಅರ್ಥ ಇಲ್ಲ. ಇಡಗುಂಜಿ ಮೇಳ 1934ರಲ್ಲಿ ಶುರುವಾದಾಗ ಅಜ್ಜ ಸಣ್ಣ ಹುಡುಗ. ಕೆರೆಮನೆ ಶಿವರಾಮ ಹೆಗಡೆಯವರ ಕೌರವನನ್ನು ನೋಡಿ ಬೆಳೆದವನು. ಚಿಟ್ಟಾಣಿಯವರ ಭಸ್ಮಾಸುರನಿಗೆ ಎಷ್ಟು ಮೈಲಿ ನಡೆದಿದ್ದನೋ ಅವನಿಗೇ ಲೆಕ್ಕ ಇಲ್ಲ. ಪಾತ್ರ ಅಂದರೆ ಚೆಂಡೆಯ ಪೆಟ್ಟಿಗೆ ರಂಗಸ್ಥಳ ನಡುಗಬೇಕು, ಮಲಗಿದ ಮಕ್ಕಳು ಎದ್ದು ಅಳಬೇಕು. ಅಂಥವನ ಎದುರು ಒಂದು ಭಾನುವಾರ ಅನಂತನಾಗ್ ಬಂದರು. ಕುರ್ಚಿಯಲ್ಲಿ ಕೂತಿದ್ದರು. ಎದುರಿನವರು ಏನೋ ಕೇಳಿದರು. ಅನಂತನಾಗ್ ಸ್ವಲ್ಪ ತಲೆ ಓರೆ ಮಾಡಿ, ಒಂದು ಗಳಿಗೆ ಬಿಟ್ಟು, "ಹ್ಞೂಂ" ಅಂದರು.

ಅಜ್ಜ ಕಾದ. ಮತ್ತೇನೂ ಬರಲಿಲ್ಲ.

"ಇಂವ ಎಂತದೂ ಮಾಡ್ತ್ನೇ ಇಲ್ಲೆ. ಸುಮ್ಮಂಗೆ ಕೂತ್ಗಂಡಿದ್ದ" ಅಂದ.

ಮನೆಯವರೆಲ್ಲ ನಕ್ಕರು. ನನಗೆ ನಗು ಬಂದದ್ದು ಬೇರೆ ಕಾರಣಕ್ಕೆ. ಯಾಕೆಂದರೆ ಅಜ್ಜ ಮಾತಾಡುತ್ತಿದ್ದದ್ದೂ ಹಾಗೇ. ಅವನ ಬಳಿ ಏನಾದರೂ ಕೇಳಿದರೆ ಉತ್ತರ ತಕ್ಷಣ ಬರುವ ಮಾತೇ ಇಲ್ಲ. ಕವಳದ ಹರಿವಾಣ ಎಳೆದುಕೊಳ್ಳುತ್ತಿದ್ದ. ಎಲೆಯ ತೊಟ್ಟು ಮುರಿಯುತ್ತಿದ್ದ, ತುದಿ ಚಿವುಟುತ್ತಿದ್ದ, ಪಂಚೆಗೆ ಒಮ್ಮೆ ಒರೆಸುತ್ತಿದ್ದ. ಬೆರಳ ತುದಿಯಲ್ಲಿ ಸುಣ್ಣ ತೆಗೆದು ಎಲೆಯ ಬೆನ್ನಿಗೆ ಹಚ್ಚುತ್ತಿದ್ದ. ಅಡಿಕೆ ಹೋಳು ಇಟ್ಟು ಮಡಚಿ ಬಾಯಿಗಿಟ್ಟು, ದವಡೆಯ ಒಂದು ಬದಿಗೆ ಸರಿಸಿದ ಮೇಲೆ ಮಾತು. ಅಷ್ಟರಲ್ಲಿ ಕೇಳಿದವನಿಗೆ ತಾನು ಕೇಳಿದ್ದೇ ದಡ್ಡ ಪ್ರಶ್ನೆಯೇನೋ ಅಂತ ಅನುಮಾನ ಬಂದಿರುತ್ತಿತ್ತು. ತೋಟದ ಲೆಕ್ಕ ಕೇಳಲು ಬಂದ, ಅಡಿಕೆ ಕೊನೆ ಇಳಿಸುವ ಕೊನೆಗೌಡ ಎಷ್ಟೋ ಸಲ ಕಾಯಲಾರದೆ ತಾನೇ ರೇಟು ಇಳಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಆ ಕವಳದ ಗ್ಯಾಪ್ ಇದೆಯಲ್ಲ, ಅದೇ ಅನಂತನಾಗ್. ಕೇಳಿದ್ದಕ್ಕೂ ಹೇಳಿದ್ದಕ್ಕೂ ನಡುವೆ ಒಂದು ಅರ್ಧ ಗಳಿಗೆ. ಬಾಯಲ್ಲಿ ಕವಳ ಇಲ್ಲ, ಅಷ್ಟೆ.

ಅನಂತನ ದಾರಿಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಮಠದ ವಾತಾವರಣದಲ್ಲಿ, ಕನ್ನಡ ಶಾಲೆಯಲ್ಲಿ ಬೆಳೆದ ಹುಡುಗನನ್ನು ಮುಂದಿನ ಓದಿಗೆ ಮುಂಬೈಗೆ ಕಳಿಸಿದರು. ಮನೆಯಲ್ಲಿ ಕೊಂಕಣಿ, ಕಲಿತದ್ದು ಕನ್ನಡ, ಸುತ್ತ ಮರಾಠಿ. ಓದಿಗಿಂತ ಜಾಸ್ತಿ ಅವರನ್ನು ಹಿಡಿದುಕೊಂಡದ್ದು ನಾಟಕ. ಕೊಂಕಣಿ, ಕನ್ನಡ, ಮರಾಠಿ ಮೂರರಲ್ಲೂ ರಂಗಕ್ಕೆ ಹತ್ತಿದರು. ಸತ್ಯದೇವ್ ದುಬೆ, ಗಿರೀಶ ಕಾರ್ನಾಡ್, ಅಮೋಲ್ ಪಾಲೇಕರ್ ಇದ್ದ ಆ ಕಾಲದ ಮುಂಬೈ ರಂಗಭೂಮಿ ಅದು. 1973ರಲ್ಲಿ ಕನ್ನಡದಲ್ಲಿ 'ಸಂಕಲ್ಪ'. ಮರುವರ್ಷ ಹಿಂದಿಯಲ್ಲಿ ಬೆನಗಲ್ ಅವರ 'ಅಂಕುರ್'. ಬೆನಗಲ್ ಅವರಿಗೂ ಅದು ಮೊದಲ ದೊಡ್ಡ ಸಿನಿಮಾ, ಶಬಾನಾ ಆಜ್ಮಿ ಅವರನ್ನು ಜನ ಮೊದಲು ಕಂಡದ್ದೂ ಅದರಲ್ಲೇ.

'ಅಂಕುರ್' ನಾನು ನೋಡಿದ್ದು ಬಹಳ ತಡವಾಗಿ, ಧಾರವಾಡದಲ್ಲಿ ಓದುವಾಗ. ಕೊನೆಯ ಭಾಗ ಇವತ್ತಿಗೂ ಕಣ್ಣಲ್ಲಿದೆ. ಅನಂತನಾಗ್ ಜಮೀನ್ದಾರನ ಮಗ ಸೂರ್ಯ. ಮನೆಗೆಲಸದ ಲಕ್ಷ್ಮಿಯ ಜೊತೆ ಸಂಬಂಧ ಇಟ್ಟುಕೊಂಡಿದ್ದಾನೆ, ಅವಳು ಬಸುರಿ. ಮಾತು ಬಾರದ, ಕಿವಿ ಕೇಳದ ಅವಳ ಗಂಡ ಎಲ್ಲೋ ಹೋದವನು ತಿರುಗಿ ಬಂದಿದ್ದಾನೆ. ಸೂರ್ಯ ಗಾಳಿಪಟ ಹಾರಿಸುತ್ತಿದ್ದಾನೆ. ದೂರದಿಂದ ಆ ಗಂಡ ಕೈಯಲ್ಲಿ ಕೋಲು ಹಿಡಿದು ನಡೆದು ಬರುತ್ತಾನೆ. ಬಂದದ್ದು ಕೆಲಸ ಕೇಳಲು. ಸೂರ್ಯನಿಗೆ ಕಾಣುವುದು ಕೋಲು ಮಾತ್ರ. ತನ್ನ ತಪ್ಪು ತನ್ನ ಮನೆಗೇ ನಡೆದು ಬಂತು ಅಂತ ಅವನಿಗೆ ಅನಿಸುತ್ತದೆ. ಹೆದರಿಕೆಗೆ ಹೊಡೆಯಲು ಶುರು ಮಾಡುತ್ತಾನೆ. ಲಕ್ಷ್ಮಿ ಓಡಿ ಬಂದು ಗಂಡನನ್ನು ತಬ್ಬಿಕೊಂಡು ಬಾಯಿಗೆ ಬಂದ ಹಾಗೆ ಶಾಪ ಹಾಕುತ್ತಾಳೆ. ಸೂರ್ಯ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ.

ಆ ಶಾಪ ಹಾಕುವ ಶಬಾನಾ ಅವರನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಲೇಬೇಕು. ನಾನು ನೋಡಿದ್ದು ಬಾಗಿಲ ಒಳಗಿನ ಮನುಷ್ಯನನ್ನು. ಅವನಿಗೆ ಮಾಡಲು ಏನೂ ಇಲ್ಲ. ಹೊರಗಿನ ಮಾತು ಕೇಳಿಸಿಕೊಳ್ಳಬೇಕು, ಅಷ್ಟೆ. ಇಪ್ಪತ್ತೈದು ವರ್ಷದ ಹುಡುಗ ನಟನಿಗೆ ಅದು ಎಂಥ ಕಷ್ಟ ನೋಡಿ. ಅಳಬಹುದಿತ್ತು, ಕೂದಲು ಕಿತ್ತುಕೊಳ್ಳಬಹುದಿತ್ತು. ಅವರು ಕೇಳಿಸಿಕೊಳ್ಳುತ್ತಾರೆ. ಹೊರಗೆ ಬರುವ ಧೈರ್ಯ ಇಲ್ಲದ, ಕೇಳಿಸದ ಹಾಗೆ ಇರಲೂ ಆಗದ ಮುಖ. ನಮ್ಮ ಅಜ್ಜ ಇದ್ದಿದ್ದರೆ ಮತ್ತೆ ಅದನ್ನೇ ಅನ್ನುತ್ತಿದ್ದ, ಎಂತದೂ ಮಾಡ್ತ್ನೇ ಇಲ್ಲೆ ಅಂತ. ಈ ಸಲ ನಾನು ವಾದ ಮಾಡುತ್ತಿದ್ದೆ.

1976ರ 'ಮಂಥನ್' ಸಿನಿಮಾದಲ್ಲಿ ಇನ್ನೊಂದು ತಮಾಷೆ ಇದೆ. ಗುಜರಾತಿನ ಐದು ಲಕ್ಷ ಹೈನುಗಾರರು ತಲೆಗೆ ಎರಡು ರೂಪಾಯಿ ಹಾಕಿ ಮಾಡಿದ ಸಿನಿಮಾ ಅದು, ಕಥೆ ನಡೆಯುವುದು ಅಲ್ಲಿಯ ಹಳ್ಳಿಯಲ್ಲಿ. ಗಿರೀಶ ಕಾರ್ನಾಡ್ ಮುಖ್ಯ ಡಾಕ್ಟರು. ಅವರ ಜೊತೆ ಬರುವ ತಂಡದ ಹುಡುಗನ ಪಾತ್ರ ಅನಂತನಾಗ್ ಅವರದ್ದು. ಪಾತ್ರದ ಹೆಸರು ಚಂದಾವರ್ಕರ್! ತನ್ನ ಹೆಸರಿನಿಂದ ಊರು ಕಿತ್ತು ಹಾಕಿದವನಿಗೆ ನಿರ್ದೇಶಕರು ನಮ್ಮ ಪಕ್ಕದೂರನ್ನೇ ತಂದು ಅಂಟಿಸಿದ್ದಾರೆ. ಕುಮಟಾದ ಬಸ್ಸು ಹತ್ತಿ ಗುಜರಾತಿಗೆ ಹೋದ ಹಾಗೆ. ಆ ಹೆಸರು ಕೇಳಿ ನಾನು ಹಾಸ್ಟೆಲ್ಲಿನ ಟಿವಿ ಎದುರು ಒಬ್ಬನೇ ನಕ್ಕಿದ್ದೆ, ಪಕ್ಕದ ಬಾಗಲಕೋಟೆ ಹುಡುಗನಿಗೆ ಏನೂ ತಿಳಿಯಲಿಲ್ಲ.

'ನಿಶಾಂತ್', 'ಭೂಮಿಕಾ', 'ಕೊಂಡೂರ'. ಬೆನಗಲ್ ಜೊತೆ ಹೀಗೇ ಹೋಗಬಹುದಿತ್ತು. ಹಿಂದಿಯಲ್ಲೇ ಉಳಿದಿದ್ದರೆ ಅವರು ಏನಾಗುತ್ತಿದ್ದರು ಅಂತ ಕೆಲವರು ಲೆಕ್ಕ ಹಾಕುತ್ತಾರೆ. ನನಗೆ ಆ ಲೆಕ್ಕದಲ್ಲಿ ಆಸಕ್ತಿ ಇಲ್ಲ. ಬೆಂಗಳೂರಿಗೆ ಬಂದರು, ನಮಗೆ ಸಿಕ್ಕರು. 1975ರಲ್ಲಿ ಜಿ.ವಿ. ಅಯ್ಯರ್ ಅವರ 'ಹಂಸಗೀತೆ'ಯಲ್ಲಿ ಹಾಡುಗಾರ ಭೈರವಿ ವೆಂಕಟಸುಬ್ಬಯ್ಯನಾದರು. ಗಂಟಲು ಬಾಲಮುರಳಿಕೃಷ್ಣ ಅವರದ್ದು, ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಬೇರೆಯವರ ಅಷ್ಟು ದೊಡ್ಡ ಗಂಟಲನ್ನು ತನ್ನ ಮೈಯಲ್ಲಿ ಕೂರಿಸಿಕೊಳ್ಳುವುದು ಸುಮ್ನೆ ಮಾತಲ್ಲ. ಆಮೇಲೆ 'ಬಯಲುದಾರಿ', 'ಕನ್ನೇಶ್ವರ ರಾಮ', ಲಕ್ಷ್ಮಿ ಅವರ ಜೊತೆ 'ನಾ ನಿನ್ನ ಬಿಡಲಾರೆ', 'ಚಂದನದ ಗೊಂಬೆ', 'ಬೆಂಕಿಯ ಬಲೆ'. ನಮ್ಮ ಅತ್ತೆಯರಿಗೆಲ್ಲ ಅನಂತನಾಗ್ ಅಂದರೆ ಇವತ್ತಿಗೂ ಈ ಸಾಲಿನ ಸಿನಿಮಾಗಳು. ಅದರಲ್ಲಿ ಅವರು ಕನ್ನಡದ ಮಧ್ಯಮ ವರ್ಗದ ಗಂಡ. ಅಂಗಿ ಇಸ್ತ್ರಿ ಆಗಿರುತ್ತದೆ, ಮನಸ್ಸು ಆಗಿರುವುದಿಲ್ಲ.

ಎಲ್ಲವೂ ಚೆನ್ನಾಗಿತ್ತು ಅಂತ ನಾನು ಹೇಳಲಾರೆ. ಇನ್ನೂರಕ್ಕೂ ಹೆಚ್ಚು ಕನ್ನಡ ಸಿನಿಮಾ ಮಾಡಿದ ಮನುಷ್ಯ. ಎಂಬತ್ತರ ದಶಕದ ಎಷ್ಟೋ ಸಿನಿಮಾಗಳಲ್ಲಿ ಅವರಿಗೆ ಕಥೆಯ ಮೇಲೇ ನಂಬಿಕೆ ಇಲ್ಲ ಅಂತ ಕಣ್ಣಲ್ಲೇ ಗೊತ್ತಾಗುತ್ತದೆ. ಬೇಜಾರಾದಾಗ ಅವರು ಕಣ್ಣು ಅರ್ಧ ಮುಚ್ಚಿ ಮಾತಿನ ಕೊನೆಯನ್ನು ನುಂಗಿಬಿಡುತ್ತಾರೆ. ಅದೇ ಒಂದು ಚಟ ಆಗಿಬಿಟ್ಟ ಸಿನಿಮಾಗಳೂ ಇವೆ. ಅಭಿಮಾನಿಗಳು ಅದನ್ನೂ ಸಹಜ ನಟನೆ ಅನ್ನುತ್ತಾರೆ. ಸಹಜ ಅನ್ನುವ ಮಾತನ್ನು ನಾವು ಸ್ವಲ್ಪ ಅಗ್ಗ ಮಾಡಿಬಿಟ್ಟಿದ್ದೇವೆ ಅಲ್ವಾ?

ಅವರ ಕೆಲಸದ ಕಸುಬು ನೋಡಬೇಕು ಅಂದರೆ ನಾನು ಕಾಮಿಡಿಗೇ ಹೋಗುತ್ತೇನೆ. 1990ರ 'ಗಣೇಶನ ಮದುವೆ', ಫಣಿ ರಾಮಚಂದ್ರ ಅವರದ್ದು. ಒಂದು ವಠಾರ. ಓನರ್ ರಮಣಮೂರ್ತಿಯಾಗಿ ಮುಖ್ಯಮಂತ್ರಿ ಚಂದ್ರು. ಬಾಡಿಗೆದಾರ ವೈ.ಜಿ. ರಾವ್ ಆಗಿ ಅನಂತನಾಗ್. ಓನರ್ ಮಗಳು ಆದಿಲಕ್ಷ್ಮಿ, ಅಂದರೆ ವಿನಯಾ ಪ್ರಸಾದ್. ಅವಳಿಗೂ ಇವನಿಗೂ ದಿನಾ ಜಗಳ. ರೇಡಿಯೋದಲ್ಲಿ ಹಾಡುವ ಶ್ರುತಿಪ್ರಿಯ ಅನ್ನುವವಳ ದನಿಗೆ ಇವನು ಮನಸ್ಸು ಕೊಟ್ಟಿದ್ದಾನೆ. ಇಬ್ಬರೂ ಒಬ್ಬಳೇ ಅಂತ ಇವನಿಗೆ ಗೊತ್ತಿಲ್ಲ. ಈಗ ಹೇಳಿದರೆ ಸಣ್ಣ ಕಥೆ. ಆದರೆ ಆ ವಠಾರದಲ್ಲಿ ಎಲ್ಲರೂ ಕಿರುಚುತ್ತಾರೆ, ಒಬ್ಬರ ಮಾತು ಮುಗಿಯುವ ಮೊದಲು ಇನ್ನೊಬ್ಬರು ಬೀಳುತ್ತಾರೆ. ನಡುವೆ ಅನಂತನಾಗ್ ಅರ್ಧ ಗಳಿಗೆ ತಡ ಮಾಡುತ್ತಾರೆ. ಆ ತಡದಲ್ಲಿ ನಾವು ನಗುತ್ತೇವೆ. ಮಾತು ಬರುವ ಹೊತ್ತಿಗೆ ನಗು ಅರ್ಧ ಖರ್ಚಾಗಿರುತ್ತದೆ, ಉಳಿದರ್ಧ ಮಾತಿಗೆ. ಇದನ್ನು ಯಾರೂ ಹೇಳಿಕೊಡಲು ಆಗುವುದಿಲ್ಲ. ಕಟ್ಟೆಯ ಮೇಲೆ ಕೂತು ನಾಲ್ಕು ಜನರ ವಾದ ಕೇಳಿ, ಕೊನೆಗೆ ಒಂದೇ ಮಾತು ಹೇಳಿ ಎದ್ದು ಹೋಗುವವರಿಗೆ ಮಾತ್ರ ಬರುವಂಥದ್ದು.

ಆ ಸಿನಿಮಾ ಟಿವಿಯಲ್ಲಿ ಬಂದ ದಿನ ಅಜ್ಜ ನಕ್ಕ. ಜೋರಾಗಿ ಅಲ್ಲ. ಬಾಯಲ್ಲಿ ಕವಳ ಇದ್ದದ್ದರಿಂದ ಮೂಗಿನಲ್ಲಿ ನಕ್ಕ. ಆಮೇಲೆ ಅಂಗಳದ ಬದಿಗೆ ಹೋಗಿ ಉಗುಳಿ ಬಂದು, "ಇಂವ ತಾಳಮದ್ದಲೆಗೆ ಅಡ್ಡಿಲ್ಲೆ" ಅಂದ. ಅಜ್ಜನಿಂದ ಅದು ದೊಡ್ಡ ಸರ್ಟಿಫಿಕೇಟು. ತಾಳಮದ್ದಲೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಪಂಚೆ ಉಟ್ಟು ಚಾಪೆಯ ಮೇಲೆ ಕೂತು ಬರೀ ಅರ್ಥ ಹೇಳುವುದು. ಕೂತಲ್ಲೇ ಕೃಷ್ಣ, ಕೂತಲ್ಲೇ ಕರ್ಣ. ನಮ್ಮ ಕಡೆ ಕುಣಿಯದೆಯೂ ಪಾತ್ರ ಮಾಡುವ ದಾರಿ ಒಂದಿತ್ತು ಅಂತ ಅಜ್ಜನಿಗೇ ಆವತ್ತು ನೆನಪಾಯಿತೋ ಏನೋ.

ಅದೇ 1990ರ ಸೆಪ್ಟೆಂಬರ್ 30.

ಶಂಕರ್‌ನಾಗ್ ಬಗ್ಗೆ ಬರೆಯದೆ ಅಣ್ಣನ ಬಗ್ಗೆ ಬರೆಯುವುದು ನಮ್ಮ ತಾಲೂಕಿನವನಿಗೆ ಸಾಧ್ಯವೇ ಇಲ್ಲ. ಅಣ್ಣ ಮುಂಬೈಯಲ್ಲಿ ಹುಟ್ಟಿದರೆ ತಮ್ಮ ಹುಟ್ಟಿದ್ದು ನಮ್ಮ ಹೊನ್ನಾವರ ತಾಲೂಕಿನಲ್ಲಿ, 1954ರ ನವೆಂಬರ್ 9ಕ್ಕೆ. ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' ಮಾಡಿ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಅನಿಸಿಕೊಂಡವನು. 1980ರಲ್ಲಿ 'ಮಿಂಚಿನ ಓಟ' ಮಾಡಿ ನಿರ್ದೇಶಕನಾದ, ಅಣ್ಣನನ್ನೂ ಜೊತೆಗೆ ಹಾಕಿಕೊಂಡ. ಆಗುಂಬೆಯನ್ನು ಮಾಲ್ಗುಡಿ ಮಾಡಿದ. ಅಣ್ಣ ಕೂತ ಕಡೆ ಕೂತಿರುವ ನಟ, ತಮ್ಮ ನಿಂತ ಕಡೆ ನಿಲ್ಲದವನು. ದಾವಣಗೆರೆ ಹತ್ತಿರ ಆನಗೋಡಿನಲ್ಲಿ ಕಾರು ಅಪಘಾತವಾದಾಗ ವಯಸ್ಸು ಮೂವತ್ತಾರೂ ತುಂಬಿರಲಿಲ್ಲ. ನಾನು ಆಗ ಐದನೇ ಕ್ಲಾಸು. ಮರುದಿನ ಶಾಲೆಯಲ್ಲಿ ನಮ್ಮ ಮಾಸ್ತರರು ಹಾಜರಿ ಕರೆದು ಪುಸ್ತಕ ಮುಚ್ಚಿಟ್ಟು ಕಿಟಕಿಯ ಹತ್ತಿರ ಹೋಗಿ ನಿಂತರು. ಪಾಠ ಆಗಲಿಲ್ಲ. ನಮಗೆ ರಜೆ ಸಿಕ್ಕಿದಷ್ಟೇ ಖುಷಿ. ಆ ಖುಷಿ ನೆನಪಾದರೆ ಈಗಲೂ ಒಂಥರಾ ಆಗುತ್ತದೆ.

ಇವತ್ತು ರಾಜ್ಯದ ಎಷ್ಟು ಆಟೋ ಸ್ಟ್ಯಾಂಡುಗಳಿಗೆ ಶಂಕರ್‌ನಾಗ್ ಹೆಸರಿದೆ! ಆಟೋದ ಬೆನ್ನಿಗೆ ಅದೇ ನಗು. ತಮ್ಮ ಹೀಗೆ ಎಲ್ಲ ರಸ್ತೆಯಲ್ಲೂ ಮೂವತ್ತೈದರ ಹರೆಯದಲ್ಲೇ ಓಡಾಡಿಕೊಂಡಿದ್ದಾನೆ, ಅಣ್ಣನಿಗೆ ಎಪ್ಪತ್ತು ದಾಟಿದೆ. ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಎದುರಿನ ಆಟೋದ ಹಿಂದೆ ತಮ್ಮನ ಮುಖ ಕಂಡರೆ ಆ ಮನುಷ್ಯ ಏನು ಮಾಡುತ್ತಿರಬಹುದು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅದು ನಮಗೆ ಸಂಬಂಧಪಟ್ಟದ್ದಲ್ಲ ಅಂತ ಅಲ್ಲಿಗೇ ಬಿಟ್ಟಿದ್ದೇನೆ.

ರಾಜಕೀಯದ ಅಧ್ಯಾಯ ಒಂದಿದೆ. 1994ರಲ್ಲಿ ಬೆಂಗಳೂರಿನ ಮಲ್ಲೇಶ್ವರದಿಂದ ಶಾಸಕರಾದರು, ಜೆ.ಎಚ್. ಪಟೇಲರ ಸಂಪುಟದಲ್ಲಿ ಮಂತ್ರಿಯೂ ಆದರು. ಅದರ ಬಗ್ಗೆ ಬರೆಯಲು ನನಗಿಂತ ತಿಳಿದವರು ಇದ್ದಾರೆ. ನನ್ನ ಕುತೂಹಲ ಒಂದೇ, ಕವಳದ ಗ್ಯಾಪ್ ವಿಧಾನಸಭೆಯಲ್ಲಿ ಹೇಗೆ ನಡೆಯಿತು ಅಂತ. ಅಲ್ಲಿ ಅರ್ಧ ಗಳಿಗೆ ಬಿಟ್ಟರೆ ಇನ್ನೊಬ್ಬರು ಮೈಕು ತಗೊಂಡಿರುತ್ತಾರೆ.

ಭಾಷೆಯ ಮಾತು ಹೇಳಲೇಬೇಕು. ನಾನು ಬೆಂಗಳೂರಿನಲ್ಲಿ ಮೊದಲ ಕೆಲಸಕ್ಕೆ ಸೇರಿದಾಗ ಆಫೀಸಿನಲ್ಲಿ ನನ್ನ ಕನ್ನಡ ಒಂದು ಮನರಂಜನೆ. ನಾನು "ಎಂತಕ್ಕೆ?" ಅಂದರೆ ನಾಲ್ಕು ಟೇಬಲ್ ನಗುತ್ತಿತ್ತು. "ಬರುವುದಿಲ್ಲ" ಅಂತ ಪೂರ್ತಿ ಹೇಳಿದರೆ "ಏನ್ ಗುರು, ವಾರ್ತೆ ಓದ್ತೀಯಾ" ಅನ್ನುತ್ತಿದ್ದರು. ಮನೆಯಲ್ಲೊಂದು ಭಾಷೆ, ಶಾಲೆಯಲ್ಲೊಂದು ಕನ್ನಡ ಕಲಿತವರ ಕಷ್ಟ ಇದು. ಮಾತು ಸ್ವಲ್ಪ ಒಗೆದು ಮಡಚಿಟ್ಟ ಹಾಗೆ ಇರುತ್ತದೆ. ನಮ್ಮ ಹವ್ಯಕರಿಗೂ ಹಾಗೇ, ಕೊಂಕಣಿಯವರಿಗಂತೂ ಇನ್ನೂ ಜಾಸ್ತಿ. ಆ ದಿನಗಳಲ್ಲಿ ನಾನು ಅನಂತನಾಗ್ ಸಿನಿಮಾಗಳನ್ನು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದೆ. ಆ ಕನ್ನಡ ಯಾವ ಊರಿನದ್ದು ಹೇಳಿ ನೋಡೋಣ? ಮೈಸೂರಿನದ್ದಲ್ಲ, ಹುಬ್ಬಳ್ಳಿಯದ್ದಲ್ಲ, ನಮ್ಮ ಕಡೆಯದ್ದು ಅಂತಲೂ ಧೈರ್ಯವಾಗಿ ಹೇಳಲಾಗುವುದಿಲ್ಲ. ಹಕಾರ ಅದರ ಜಾಗದಲ್ಲಿರುತ್ತದೆ, ಅಕಾರ ಅದರ ಜಾಗದಲ್ಲಿ. ಆದರೂ ಯಾರೂ ಅವರಿಗೆ ವಾರ್ತೆ ಓದ್ತೀಯಾ ಅನ್ನಲಿಲ್ಲ. ಎಲ್ಲರೂ ಅದನ್ನು ತಮ್ಮ ಮನೆಯ ಕನ್ನಡ ಅಂತಲೇ ತಗೊಂಡರು. ಕಲಿತ ಭಾಷೆಯಲ್ಲಿ ಹಾಗೆ ಕಾಲು ಚಾಚಿ ಕೂರಬಹುದು ಅಂತ ನನಗೆ ಗೊತ್ತಾದದ್ದು ಅವರಿಂದ. ಆಮೇಲೆ ನಾನೂ ಆಫೀಸಿನಲ್ಲಿ "ಎಂತಕ್ಕೆ" ಅಂತ ಧಾರಾಳವಾಗಿ ಕೇಳತೊಡಗಿದೆ. ಎರಡು ವರ್ಷದಲ್ಲಿ ಆ ನಾಲ್ಕು ಟೇಬಲ್ಲಿನವರೂ "ಎಂತ ಮಾರಾಯ" ಅನ್ನಲು ಶುರು ಮಾಡಿದ್ದರು.

ಅಜ್ಜ 2001ರಲ್ಲಿ ಹೋದ. ಕೊನೆಯ ನಾಲ್ಕೈದು ವರ್ಷ ಕಿವಿ ಪೂರ್ತಿ ಕೇಳುತ್ತಿರಲಿಲ್ಲ. ಆಟಕ್ಕೆ ಹೋಗುವುದನ್ನು ಬಿಟ್ಟ. ಚೆಂಡೆ ಕೇಳದ ಮೇಲೆ ಎಂತ ಆಟ ಅಂತ. ಟಿವಿ ಮಾತ್ರ ನೋಡುತ್ತಿದ್ದ, ಯಾವ ಸಿನಿಮಾ ಬಂದರೂ.

2016ರ ಜೂನ್. ಅಪ್ಪನನ್ನು ಕರೆದುಕೊಂಡು ಶಿರಸಿಗೆ ಹೋಗಿದ್ದೆ, ಅತ್ತೆಯ ಮನೆಗೆ. ಮಳೆ ಹಿಡಿದಿತ್ತು. ಸಂಜೆವರೆಗೆ ಬಸ್ಸಿಲ್ಲ ಅಂತ ಟಾಕೀಸಿಗೆ ಹೋದೆವು. 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ನಡೆಯುತ್ತಿತ್ತು. ಹೇಮಂತ್ ರಾವ್ ಅವರ ಸಿನಿಮಾ. ನೆನಪು ಕಳೆದುಕೊಳ್ಳುತ್ತಿರುವ ವೆಂಕೋಬ ರಾವ್ ಒಂದು ದಿನ ಕಾಣೆಯಾಗುತ್ತಾರೆ, ಮಗ ಹುಡುಕುತ್ತಾನೆ. ಮಗನಾಗಿ ರಕ್ಷಿತ್ ಶೆಟ್ಟಿ.

ಅನಂತನಾಗ್ ಬಂದರು. ಯಾರೋ ಏನೋ ಕೇಳಿದರು. ಅವರು ತಲೆ ಸ್ವಲ್ಪ ಓರೆ ಮಾಡಿದರು. ಅರ್ಧ ಗಳಿಗೆ ಹೋಯಿತು. ಪಕ್ಕದಲ್ಲಿ ಅಪ್ಪ ನಗಲು ತಯಾರಾದ. ನಾನೂ ಆದೆ. ನಲವತ್ತು ವರ್ಷದಿಂದ ಆ ಅರ್ಧ ಗಳಿಗೆಯ ನಂತರ ಏನು ಬರುತ್ತದೆ ಅಂತ ನಮಗೆಲ್ಲ ಅಭ್ಯಾಸ ಇದೆಯಲ್ಲ. ಈ ಸಲ ಉತ್ತರ ಬರಲಿಲ್ಲ. ಅವರು ಉತ್ತರವನ್ನು ಹುಡುಕುತ್ತಿದ್ದರು. ಅದೇ ಓರೆ, ಅದೇ ತಡ, ಅದೇ ಅರ್ಧ ಮುಚ್ಚಿದ ಕಣ್ಣು. ಎಷ್ಟೋ ಸಿನಿಮಾಗಳಲ್ಲಿ ನಾನು ಚಟ ಅಂತ ಬೈದಿದ್ದ ಅದೇ ಕಣ್ಣು. ಹೊಸದಾಗಿ ಅವರು ಏನೂ ಸೇರಿಸಿಕೊಂಡಿರಲಿಲ್ಲ. ಜೀವಮಾನವೆಲ್ಲ ತನ್ನ ಕೈಯಲ್ಲಿದ್ದ ಗ್ಯಾಪ್ ಒಂದನ್ನು ತೆಗೆದು ಆ ಮುದುಕನಿಗೆ ಕೊಟ್ಟಿದ್ದರು, ಅವನಿಗೆ ಅದರ ಇನ್ನೊಂದು ದಡ ಸಿಗುತ್ತಿರಲಿಲ್ಲ. ಅಪ್ಪನ ನಗು ಬಾಯಲ್ಲೇ ಉಳಿಯಿತು. ಅದನ್ನು ಏನು ಮಾಡಬೇಕು ಅಂತ ತಿಳಿಯದೆ ಕೆಮ್ಮಿದ.

ಸಿನಿಮಾ ಮುಗಿಸಿ ಬಸ್ ಸ್ಟ್ಯಾಂಡಿಗೆ ನಡೆದೆವು. ಒಂದೇ ಕೊಡೆ. ಇಬ್ಬರದೂ ಒಂದೊಂದು ಭುಜ ಒದ್ದೆ. ಅಪ್ಪ ಮಾತಾಡಲಿಲ್ಲ. ಬೆಂಚಿನ ಮೇಲೆ ಕೂರಿಸಿ, "ಅಪ್ಪಾ, ಆಸ್ರಿಗೆ ಎಂತಾದ್ರೂ ಕುಡಿತ್ಯಾ?" ಅಂತ ಕೇಳಿದೆ. ಅವನು ಅಂಗಿ ಕಿ‌ಸೆಯಿಂದ ಪ್ಲಾಸ್ಟಿಕ್ಕಿನ ಕವಳದ ಸಂಚಿ ತೆಗೆದ. ಎಲೆಯೊಂದನ್ನು ಬಿಡಿಸಿದ. ತೊಟ್ಟು ಮುರಿದ, ತುದಿ ಚಿವುಟಿದ, ತೊಡೆಯ ಮೇಲೆ ಒಮ್ಮೆ ಒರೆಸಿದ. ಸುಣ್ಣದ ಡಬ್ಬಿಯ ಮುಚ್ಚಳ ಗಟ್ಟಿಯಾಗಿತ್ತು, ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು. ನಾನು ಎದುರಿಗೆ ನಿಂತೇ ಇದ್ದೆ. ಕುಮಟಾ ಬಸ್ಸು ಬಂದು ನಿಂತು ಜನ ಹತ್ತುತ್ತಿದ್ದರು. ಅಪ್ಪ ಕವಳ ಮಡಚಿ ಬಾಯಿಗಿಟ್ಟು, ದವಡೆಗೆ ಸರಿಸಿ, ನನ್ನ ಮುಖ ನೋಡಿದ.

"ನಮ್ಮ ಬಸ್ಸು ಎಷ್ಟೊತ್ತಿಗಿದ್ದು?" ಅಂದ.